ವಿಶ್ವಾಸಮತವೂ ನ್ಯಾಯಾಸನವೂ

ಮಂತ್ರಿಮಂಡಲವೊಂದು ನಿಲ್ಲಬೇಕೇ ಬೀಳಬೇಕೇ ಎಂಬುದನ್ನು ತೀರ್ಮಾನಿಸತಕ್ಕವರು ಯಾರು? ಜನರು ಆರಿಸಿ ಕಳುಹಿಸಿದ ಶಾಸನಸಭೆಯೋ, ಜನಮತದ ಸೋಂಕಿಲ್ಲದೆ ದೂರದಲ್ಲಿ ಕುಳಿತಿರುವ ನ್ಯಾಯಾಸನವೋ? ಪ್ರಶ್ನೆಯನ್ನು ಹೀಗೆ ಕೇಳಿದರೆ ಉತ್ತರವು ಸುಲಭವಾಗಿಯೇ ತೋರುವುದು. ಆದರೆ 1989, 2010, 2018 ಮತ್ತು 2019 — ಈ ನಾಲ್ಕು ವರ್ಷಗಳಲ್ಲಿ ಕರ್ನಾಟಕದ ಮಂತ್ರಿಮಂಡಲಗಳ ಬಲಾಬಲದ ಪ್ರಶ್ನೆಯು ಎದ್ದಾಗಲೆಲ್ಲ ಅದು ವಿಧಾನಸೌಧದಲ್ಲಿಯೇ ಮುಗಿಯದೆ ದೆಹಲಿಯ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೇರಿತು. ನಮ್ಮ ನಾಡು ಈ ವಿಷಯದಲ್ಲಿ ಭರತಖಂಡಕ್ಕೆಲ್ಲ ಪಾಠಶಾಲೆಯಾಗಿ ಪರಿಣಮಿಸಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಪಾಠವನ್ನು ನಾವೇ ಕಲಿತಿದ್ದೇವೆಯೇ ಎಂಬುದು ಬೇರೆ ಮಾತು.

ಅವಿಶ್ವಾಸ ನಿರ್ಣಯವೆಂಬ ಹಕ್ಕು ಕನ್ನಡಿಗರಿಗೆ ಪುಕ್ಕಟೆಯಾಗಿ ದೊರೆತದ್ದಲ್ಲವೆಂಬುದನ್ನು ಮೊದಲು ನೆನಪಿಗೆ ತಂದುಕೊಳ್ಳಬೇಕು. ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿಯೇ, ಪ್ರಜಾಪ್ರತಿನಿಧಿ ಸಭೆಯು ಸ್ಥಾಪಿತವಾಯಿತು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂದಿತು. ಪ್ರತಿನಿಧಿಗಳು ಅಹವಾಲುಗಳನ್ನು ಹೇಳಿಕೊಳ್ಳಬಹುದಾಗಿತ್ತು, ಪ್ರಶ್ನೆಗಳನ್ನು ಕೇಳಬಹುದಾಗಿತ್ತು. ಆದರೆ ದಿವಾನರನ್ನು ಇಳಿಸುವ ಅಧಿಕಾರವು ಅವರಿಗೆ ಇರಲಿಲ್ಲ. ದಿವಾನರು ಉತ್ತರ ಹೇಳಬೇಕಾದದ್ದು ಮಹಾರಾಜರಿಗೆ. 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಎಂದು ಹೊರಟವರ ಬಾಯಲ್ಲಿದ್ದ ಘೋಷವು ‘ಜವಾಬ್ದಾರಿ ಸರಕಾರ’ ಎಂಬುದಾಗಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಶ್ರೀ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಜವಾಬ್ದಾರಿ ಎಂಬ ಶಬ್ದದ ತಿರುಳು ಇಷ್ಟೇ: ಸಭೆಯು ಬೇಡವೆಂದ ದಿನ ಮಂತ್ರಿಯು ಎದ್ದು ಹೋಗಬೇಕು. ಈ ತಿರುಳೇ ರಾಜ್ಯಾಂಗದ 164ನೆಯ ವಿಧಿಯಲ್ಲಿ, ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಜವಾಬ್ದಾರವಾಗಿರತಕ್ಕದ್ದೆಂಬ ಒಂದು ಸಾಲಾಗಿ ಸೇರಿತು.

ಅದೇ ರಾಜ್ಯಾಂಗದ 212ನೆಯ ವಿಧಿಯು ಇನ್ನೊಂದು ಮಾತನ್ನು ಹೇಳುತ್ತದೆ. ಶಾಸನಸಭೆಯ ನಡವಳಿಕೆಯಲ್ಲಿ ಕಾರ್ಯವಿಧಾನದ ಲೋಪವುಂಟಾಯಿತೆಂದು ಹೇಳಿ ಯಾರೂ ಅದರ ಸಿಂಧುತ್ವವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲಾಗದು. ಸಭೆಯನ್ನು ನಡೆಸುವ ಅಧಿಕಾರವುಳ್ಳವರು ಆ ಅಧಿಕಾರದ ಚಲಾವಣೆಯ ಬಗ್ಗೆ ನ್ಯಾಯಾಲಯದ ಅಂಕೆಗೆ ಒಳಪಡತಕ್ಕವರಲ್ಲ. ಪಾರ್ಲಿಮೆಂಟಿಗೆ ಸಂಬಂಧಿಸಿದಂತೆ 122ನೆಯ ವಿಧಿಯೂ ಇದನ್ನೇ ಹೇಳುತ್ತದೆ. ಈ ವಿಚಾರದ ಬೇರು ಇಂಗ್ಲೆಂಡಿನ 1689ರ ಹಕ್ಕುಗಳ ಶಾಸನದಲ್ಲಿದೆ. ಅರಸನ ನ್ಯಾಯಾಧೀಶರು ಪಾರ್ಲಿಮೆಂಟಿನ ಸದಸ್ಯರನ್ನು ಬೆದರಿಸುತ್ತಿದ್ದ ಕಾಲದಲ್ಲಿ ಕಟ್ಟಿದ ಗೋಡೆಯದು.

ಹಾಗಾದರೆ ನ್ಯಾಯಾಲಯವು ಒಳಕ್ಕೆ ಬಂದದ್ದೆಂತು? ರಾಜ್ಯಪಾಲರ ನಡತೆಯು ಅದಕ್ಕೆ ಮೊದಲ ದಾರಿಯನ್ನು ಮಾಡಿಕೊಟ್ಟಿತು. ರಾಜ್ಯಪಾಲರು ಸಭೆಯ ಅಧಿಕಾರಿಯಲ್ಲ, ಅವರ ಕೃತ್ಯಕ್ಕೆ 212ನೆಯ ವಿಧಿಯ ಆಸರೆಯಿಲ್ಲ. ಎರಡನೆಯ ದಾರಿಯನ್ನು ಪಾರ್ಲಿಮೆಂಟೇ 1985ರಲ್ಲಿ ಪಕ್ಷಾಂತರ ನಿಷೇಧದ ಹತ್ತನೆಯ ಅನುಸೂಚಿಯನ್ನು ಸೇರಿಸುವುದರ ಮೂಲಕ ತೆರೆಯಿತು. ಸದಸ್ಯನ ಸ್ಥಾನವನ್ನು ಕಳೆಯುವ ಅಧಿಕಾರವನ್ನು ಸಭಾಧ್ಯಕ್ಷರ ಕೈಗೆ ಕೊಟ್ಟು, ಅವರನ್ನು ಒಂದು ವಿಧದ ನ್ಯಾಯಾಧೀಶರನ್ನಾಗಿ ಮಾಡಿದ ಮೇಲೆ, ಅವರ ತೀರ್ಪಿನ ಮೇಲೆ ಮೇಲ್ವಿಚಾರಣೆಯೂ ಬರಲೇಬೇಕಷ್ಟೆ. 1992ರಲ್ಲಿ ಕಿಹೊಟೊ ಹೊಲ್ಲೊಹಾನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹಾಗೆಯೇ ಹೇಳಿತು. 2007ರಲ್ಲಿ, ಸದಸ್ಯರ ಉಚ್ಚಾಟನೆಯ ಮೊಕದ್ದಮೆಯೊಂದರಲ್ಲಿ, ಕಾರ್ಯವಿಧಾನದ ಲೋಪವೇ ಬೇರೆ, ರಾಜ್ಯಾಂಗದ ಉಲ್ಲಂಘನೆಯೇ ಬೇರೆ. ಎರಡನೆಯದು ನಡೆದರೆ ಗೋಡೆಯು ಅಡ್ಡಬರಲಾರದೆಂದು ಅದೇ ನ್ಯಾಯಾಲಯವು ವಿಂಗಡಿಸಿತು.

ಇನ್ನು ನಮ್ಮ ನಾಡಿನ ಕಥೆ. ಶಿಗ್ಗಾಂವಿ ತಾಲ್ಲೂಕಿನ ಕಾರಡಗಿಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ವಕೀಲಿ ನಡೆಸಿದ ಶ್ರೀ ಎಸ್. ಆರ್. ಬೊಮ್ಮಾಯಿಯವರು 1988ರ ಆಗಸ್ಟಿನಲ್ಲಿ ಶ್ರೀ ರಾಮಕೃಷ್ಣ ಹೆಗಡೆಯವರ ತರುವಾಯ ಮುಖ್ಯಮಂತ್ರಿಗಳಾದರು. 1989ರ ಏಪ್ರಿಲಿನಲ್ಲಿ ಮಂತ್ರಿಮಂಡಲದ ವಿಸ್ತರಣೆಯಾದ ಕೆಲವೇ ದಿನಗಳಲ್ಲಿ, ಹತ್ತೊಂಬತ್ತು ಶಾಸಕರು ಬೆಂಬಲವನ್ನು ಹಿಂತೆಗೆದುಕೊಂಡಿರುವರೆಂಬ ಪತ್ರಗಳು ರಾಜ್ಯಪಾಲ ಶ್ರೀ ಪಿ. ವೆಂಕಟಸುಬ್ಬಯ್ಯನವರ ಕೈ ಸೇರಿದವು. ರಾಜ್ಯಪಾಲರು ಮುಖ್ಯಮಂತ್ರಿಗಳನ್ನು ಕರೆದು ಒಂದು ಮಾತನ್ನೂ ಕೇಳದೆ 19ನೆಯ ತಾರೀಖು ರಾಷ್ಟ್ರಪತಿಗಳಿಗೆ ವರದಿಯನ್ನು ಕಳುಹಿಸಿದರು. ಮರುದಿನವೇ ಆ ಹತ್ತೊಂಬತ್ತು ಮಂದಿಯಲ್ಲಿ ಏಳು ಮಂದಿ, ತಮ್ಮ ರುಜುಗಳನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆಯಲಾಯಿತು, ತಮ್ಮ ಬೆಂಬಲವು ಮಂತ್ರಿಮಂಡಲಕ್ಕೇ ಇದೆ ಎಂದು ಬರೆದುಕೊಟ್ಟರು. ಬೊಮ್ಮಾಯಿಯವರು ರಾಜ್ಯಪಾಲರನ್ನು ಕಂಡು, 27ನೆಯ ತಾರೀಖಿಗೆ ಸಭೆಯು ಸೇರಲಿದೆ, ಬೇಕಾದರೆ ಇನ್ನೂ ಮುಂಚಿತವಾಗಿಯೇ ಕರೆಯುತ್ತೇವೆ, ಅಲ್ಲಿ ಎಣಿಸಿ ನೋಡಿರಿ ಎಂದು ಹೇಳಿದರು. ರಾಜ್ಯಪಾಲರು ಎರಡನೆಯ ವರದಿಯನ್ನು ಕಳುಹಿಸಿದರು. 21ರಂದು ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯಾಗಿ ಮಂತ್ರಿಮಂಡಲವೂ ಹೋಯಿತು, ವಿಧಾನಸಭೆಯೂ ಹೋಯಿತು. ಸಭೆಯು ಸೇರುವುದಕ್ಕೆ ಆರು ದಿನಗಳು ಉಳಿದಿದ್ದವು.

ಆರು ದಿನ ಕಾಯಲಾರದ ಆತುರವು ಎಲ್ಲಿಂದ ಬಂದಿತೆಂಬುದನ್ನು ವಾಚಕರು ಊಹಿಸಿಕೊಳ್ಳಬಲ್ಲರು. ಇಲ್ಲಿ ಗಮನಿಸಬೇಕಾದದ್ದು, ಸಭೆಯ ಹಕ್ಕನ್ನು ಕಸಿದುಕೊಂಡವರು ನ್ಯಾಯಾಧೀಶರಲ್ಲವೆಂಬುದು. ನಮ್ಮ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠವು ಬೊಮ್ಮಾಯಿಯವರ ಅರ್ಜಿಯನ್ನು ವಜಾ ಮಾಡಿತು. ವರದಿ ಕಳುಹಿಸುವುದಕ್ಕೆ ಮುಂಚೆ ಸಭೆಯಲ್ಲಿ ಎಣಿಕೆ ನಡೆಯಬೇಕೆಂಬುದು ಕಡ್ಡಾಯವೇನಲ್ಲವೆಂದು ಅದು ಅಭಿಪ್ರಾಯಪಟ್ಟಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 1994ರ ಮಾರ್ಚ್ 11ರಂದು ಅದನ್ನು ತಿರುವಿಹಾಕಿದರು. ಮಂತ್ರಿಮಂಡಲದ ಬಲವನ್ನು ಅಳೆಯುವುದು ರಾಜ್ಯಪಾಲರ ಖಾಸಗಿ ಅಭಿಪ್ರಾಯಕ್ಕೆ ಬಿಟ್ಟ ಸಂಗತಿಯಲ್ಲ. ಅದಕ್ಕೆ ಸ್ಥಳವು ಸಭಾಗೃಹ ಮಾತ್ರ ಎಂಬುದು ಆ ತೀರ್ಪಿನ ಸಾರ. ಅಂದಿನಿಂದ ಇಂದಿನವರೆಗೆ ದೇಶದ ಯಾವ ಮೂಲೆಯಲ್ಲಿ ಸರಕಾರ ಅಲುಗಾಡಿದರೂ ವಕೀಲರ ಬಾಯಲ್ಲಿ ಬರುವುದು ಬೊಮ್ಮಾಯಿಯವರ ಹೆಸರೇ. ಆದರೆ ಹೆಸರು ಉಳಿಯಿತೇ ಹೊರತು ಅಧಿಕಾರವು ಮರಳಲಿಲ್ಲ. 1989ರ ನವೆಂಬರಿನ ಚುನಾವಣೆಯಲ್ಲಿ ಕಾಂಗ್ರೆಸ್ಸು 178 ಸ್ಥಾನಗಳನ್ನು ಗೆದ್ದಿತ್ತು, ಜನತಾದಳಕ್ಕೆ 24 ದೊರೆತಿದ್ದವು. ತೀರ್ಪು ಬಂದ ದಿನ ವೀರೇಂದ್ರ ಪಾಟೀಲ, ಬಂಗಾರಪ್ಪ ಇವರಿಬ್ಬರ ಸರದಿಯೂ ಮುಗಿದು ವೀರಪ್ಪ ಮೊಯಿಲಿಯವರು ಮುಖ್ಯಮಂತ್ರಿಗಳಾಗಿದ್ದರು.

ನ್ಯಾಯಾಲಯವು ಇಲ್ಲಿ ಮಾಡಿದ್ದೇನು? ಸಭೆಯ ಅಧಿಕಾರವನ್ನು ತಾನು ತೆಗೆದುಕೊಳ್ಳಲಿಲ್ಲ. ಇತರರು ಕದ್ದದ್ದನ್ನು ಸಭೆಗೇ ಒಪ್ಪಿಸಿತು. ಇಂತಹ ಪ್ರವೇಶವನ್ನು ಅತಿಕ್ರಮಣವೆಂದು ಕರೆಯುವುದು ನ್ಯಾಯವಲ್ಲ. ತಪ್ಪೇನಾದರೂ ಇದ್ದರೆ ಅದು ಐದು ವರ್ಷಗಳ ವಿಳಂಬದ್ದು.

2010ರ ಅಕ್ಟೋಬರಿನ ಪ್ರಸಂಗವು ಇನ್ನೊಂದು ತೆರನಾದದ್ದು. ಶ್ರೀ ಬಿ. ಎಸ್. ಯಡಿಯೂರಪ್ಪನವರ ಮಂತ್ರಿಮಂಡಲಕ್ಕೆ ತಮ್ಮ ಬೆಂಬಲವಿಲ್ಲವೆಂದು ಅವರದೇ ಪಕ್ಷದ ಹನ್ನೊಂದು ಮಂದಿಯೂ ಐವರು ಪಕ್ಷೇತರರೂ ರಾಜ್ಯಪಾಲ ಶ್ರೀ ಹೆಚ್. ಆರ್. ಭಾರದ್ವಾಜರಿಗೆ ಬರೆದುಕೊಟ್ಟರು. ವಿಶ್ವಾಸಮತದ ಯಾಚನೆಯು 11ನೆಯ ತಾರೀಖಿಗೆ ನಿಶ್ಚಯವಾಗಿತ್ತು. ಸಭಾಧ್ಯಕ್ಷ ಶ್ರೀ ಕೆ. ಜಿ. ಬೋಪಯ್ಯನವರು 7ರಂದು ನೋಟೀಸು ಕೊಟ್ಟು, 10ರ ಸಾಯಂಕಾಲದೊಳಗೆ ಉತ್ತರ ಬೇಕೆಂದು ಹೇಳಿ, ಅದೇ ದಿನ ಹದಿನಾರು ಮಂದಿಯ ಸದಸ್ಯತ್ವವನ್ನೂ ರದ್ದುಪಡಿಸಿದರು. ಉತ್ತರ ಕೊಡುವುದಕ್ಕೆ ಏಳು ದಿನಗಳ ಅವಧಿಯನ್ನು ನಿಯಮಗಳೇ ಹಾಕಿಕೊಟ್ಟಿದ್ದವು. 11ರಂದು ಗದ್ದಲದ ನಡುವೆ ಧ್ವನಿಮತದಿಂದ ನಿರ್ಣಯವು ಅಂಗೀಕೃತವಾಯಿತು. ರಾಜ್ಯಪಾಲರು ಅದನ್ನು ಒಪ್ಪದೆ ಮತ್ತೊಮ್ಮೆ ಎಣಿಸಲು ಹೇಳಿದ್ದರಿಂದ 14ರಂದು 106 ಮತಗಳು ಪರವಾಗಿಯೂ 100 ವಿರುದ್ಧವಾಗಿಯೂ ಬಂದವು. ಹೊರಗೆ ನಿಲ್ಲಿಸಲ್ಪಟ್ಟವರ ಸಂಖ್ಯೆ ಹದಿನಾರು, ಗೆಲುವಿನ ಅಂತರ ಆರು. ಲೆಕ್ಕವನ್ನು ವಾಚಕರೇ ಹಾಕಿಕೊಳ್ಳಲಿ. 2011ರ ಮೇ 13ರಂದು ಸುಪ್ರೀಂ ಕೋರ್ಟು ಆ ಹದಿನಾರು ಅನರ್ಹತೆಗಳನ್ನೂ ರದ್ದುಗೊಳಿಸಿತು. ಸಭಾಧ್ಯಕ್ಷರ ಆತುರವನ್ನೂ, ಸಹಜನ್ಯಾಯದ ಕಡೆಗಣಿಕೆಯನ್ನೂ ಅದು ಕಟುವಾಗಿ ಎತ್ತಿ ಆಡಿತು. ಸದಸ್ಯರು ಏಳು ತಿಂಗಳ ಮೇಲೆ ತಮ್ಮ ಪೀಠಗಳಿಗೆ ಮರಳಿದರು. ಆದರೆ ಅವರಿಲ್ಲದೆ ಎಣಿಸಿದ ಮತಗಳನ್ನು ಮತ್ತೆ ಎಣಿಸುವಂತಿರಲಿಲ್ಲ.

ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ಕಾಯುವವರಾರು? ನ್ಯಾಯಾಲಯವು ಸಭೆಯ ಹೊಸ್ತಿಲನ್ನು ತುಳಿಯಬಾರದೆಂದು ವಾದಿಸುವವರು ಈ ಪ್ರಸಂಗವನ್ನು ಎದುರಿಟ್ಟುಕೊಂಡು ಮಾತನಾಡಬೇಕು.

ಸಭೆಯು ತನ್ನ ಮನೆಯ ಜಗಳವನ್ನು ತಾನೇ ತೀರಿಸಿಕೊಳ್ಳಲಾರದೆಂದು ಇದರಿಂದ ತಿಳಿಯಕೂಡದು. 1999ರ ಏಪ್ರಿಲ್ 17ರಂದು ಲೋಕಸಭೆಯಲ್ಲಿ ಶ್ರೀ ಅಟಲ ಬಿಹಾರಿ ವಾಜಪೇಯಿಯವರ ಮಂತ್ರಿಮಂಡಲವು 269ಕ್ಕೆ ಎದುರಾಗಿ 270 ಮತಗಳಿಂದ, ಒಂದೇ ಒಂದು ಮತದಿಂದ, ಸೋತಿತು. ಎರಡು ತಿಂಗಳ ಹಿಂದೆ ಒರಿಸ್ಸಾದ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದರೂ ಲೋಕಸಭೆಯ ಸ್ಥಾನವನ್ನು ಬಿಡದಿದ್ದ ಶ್ರೀ ಗಿರಿಧರ ಗಮಾಂಗರು ಆ ದಿನ ಬಂದು ಮತ ಹಾಕಿದರು. ಆಕ್ಷೇಪಣೆ ಎದ್ದಿತು. ಸಭಾಧ್ಯಕ್ಷ ಶ್ರೀ ಬಾಲಯೋಗಿಯವರು ಅದನ್ನು ಗಮಾಂಗರ ಅಂತಃಸಾಕ್ಷಿಗೆ ಬಿಟ್ಟರು. ಆ ನಿರ್ಧಾರವು ಸರಿಯೋ ಅಲ್ಲವೋ, ಅದನ್ನು ಕುರಿತು ಇಂದಿಗೂ ವಾದವುಂಟು. ಆದರೆ ವಾಜಪೇಯಿಯವರು ಅಂದೇ ರಾಷ್ಟ್ರಪತಿ ಭವನಕ್ಕೆ ಹೋಗಿ ರಾಜೀನಾಮೆಯನ್ನು ಕೊಟ್ಟರು. ಎಣಿಕೆಯು ಮುಗಿದ ಮೇಲೆ ಮಾತು ಮುಗಿಯಿತೆಂಬ ಆ ಮರ್ಯಾದೆಯನ್ನು ನಾವು ಇನ್ನೆಲ್ಲಿಯೂ ಅಷ್ಟಾಗಿ ಕಂಡಿಲ್ಲ.

2018ರ ಮೇ ತಿಂಗಳಿಗೆ ಬರೋಣ. 222 ಸ್ಥಾನಗಳ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಬಹುಮತವು ಬರಲಿಲ್ಲ. 104 ಸ್ಥಾನಗಳ ಭಾರತೀಯ ಜನತಾ ಪಕ್ಷದ ನಾಯಕರನ್ನು ರಾಜ್ಯಪಾಲ ಶ್ರೀ ವಜುಭಾಯಿ ವಾಲಾ ಅವರು ಕರೆದು ಹದಿನೈದು ದಿನಗಳ ಅವಧಿಯನ್ನು ಕೊಟ್ಟರು. ಸುಪ್ರೀಂ ಕೋರ್ಟು ನಡುರಾತ್ರಿಯಲ್ಲಿ ಕುಳಿತು ಪ್ರಮಾಣವಚನವನ್ನು ತಡೆಯಲೊಪ್ಪಲಿಲ್ಲ. ಆದರೆ 18ರಂದು, ಮರುದಿನ ನಾಲ್ಕು ಗಂಟೆಗೇ ಬಲಪರೀಕ್ಷೆ ನಡೆಯಲೆಂದು ಆಜ್ಞಾಪಿಸಿತು. ಹದಿನೈದು ದಿನಗಳು ಒಂದು ದಿನವಾದವು. ಹಂಗಾಮಿ ಸಭಾಧ್ಯಕ್ಷರನ್ನು ಬದಲಾಯಿಸಬೇಕೆಂಬ ಪ್ರಾರ್ಥನೆಯನ್ನು ಮಾತ್ರ ಅದು ಮನ್ನಿಸಲಿಲ್ಲ. ನಡವಳಿಕೆಯೆಲ್ಲ ನೇರವಾಗಿ ಪ್ರಸಾರವಾಗಲಿರುವುದೇ ಸಾಕಷ್ಟು ರಕ್ಷೆಯೆಂದು ತಿಳಿಯಿತು. ಯಡಿಯೂರಪ್ಪನವರು ಎಣಿಕೆಗೆ ಮುಂಚೆಯೇ ರಾಜೀನಾಮೆಯಿತ್ತರು. ಯಾರು ಗೆಲ್ಲಬೇಕೆಂಬುದನ್ನು ನ್ಯಾಯಾಲಯವು ಹೇಳಲಿಲ್ಲ. ಯಾವಾಗ ಎಣಿಸಬೇಕೆಂದಷ್ಟೇ ಹೇಳಿತು.

ಯಾವಾಗ ಎಂದು ಹೇಳುವುದೂ ತಪ್ಪೇ ಎಂಬ ವಾದವುಂಟು, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. 2005ರ ಮಾರ್ಚಿನಲ್ಲಿ ಜಾರ್ಖಂಡದ ಬಲಪರೀಕ್ಷೆಯ ದಿನವನ್ನು ಸುಪ್ರೀಂ ಕೋರ್ಟು ಹಿಂದಕ್ಕೆಳೆದು 11ನೆಯ ತಾರೀಖಿಗೆ ನಿಗದಿಪಡಿಸಿ, ನಡವಳಿಕೆಯನ್ನು ಚಿತ್ರೀಕರಿಸಬೇಕೆಂದೂ ಹೇಳಿದಾಗ, ಅಂದಿನ ಲೋಕಸಭೆಯ ಸಭಾಧ್ಯಕ್ಷ ಶ್ರೀ ಸೋಮನಾಥ ಚಟರ್ಜಿಯವರು ಬಹಿರಂಗವಾಗಿ ಪ್ರತಿಭಟಿಸಿದರು. ಅವರು ಸ್ವತಃ ನುರಿತ ಬ್ಯಾರಿಸ್ಟರರು. ನ್ಯಾಯಾಲಯದ ಮೇಲೆ ಅವರಿಗೆ ದ್ವೇಷವಿರಲಿಲ್ಲ. ಸಭೆಯ ಕಾರ್ಯಸೂಚಿಯನ್ನು ಬರೆಯುವ ಲೇಖನಿಯು ನ್ಯಾಯಾಧೀಶರ ಕೈಗೆ ಹೋದರೆ ಮುಂದೆ ಹೋಗದ್ದು ಯಾವುದೆಂಬುದು ಅವರ ಅಳಲಾಗಿತ್ತು. ದಿನವನ್ನು ನಿಗದಿಪಡಿಸುವುದನ್ನು ನಾವು ಆಪದ್ಧರ್ಮವೆಂದು ಒಪ್ಪುತ್ತೇವೆ. ಏಕೆಂದರೆ ವಿಳಂಬವೆಂಬುದು ಇಲ್ಲಿ ತಟಸ್ಥವಾದುದಲ್ಲ. ಪ್ರತಿದಿನವೂ ಒಬ್ಬೊಬ್ಬ ಶಾಸಕನ ಬೆಲೆಯು ಏರುತ್ತ ಹೋಗುತ್ತದೆ, ರೆಸಾರ್ಟುಗಳ ಬಾಗಿಲುಗಳು ಮುಚ್ಚುತ್ತ ಹೋಗುತ್ತವೆ. ಆದರೆ ಚಟರ್ಜಿಯವರ ಅಳಲು ಸುಳ್ಳಾಗಿರಲಿಲ್ಲವೆಂಬುದು 2019ರಲ್ಲಿ ನಮ್ಮಲ್ಲಿಯೇ ತಿಳಿದುಬಂದಿತು.

ಆ ವರ್ಷದ ಜುಲೈಯಲ್ಲಿ ಶ್ರೀ ಹೆಚ್. ಡಿ. ಕುಮಾರಸ್ವಾಮಿಯವರ ಸಮ್ಮಿಶ್ರ ಸರಕಾರದ ಕಡೆಯ ಶಾಸಕರು ಗುಂಪಾಗಿ ರಾಜೀನಾಮೆಗಳನ್ನಿತ್ತು ಮುಂಬಯಿಗೆ ಹೋಗಿ ಕುಳಿತರು. 1974ರ ತಿದ್ದುಪಡಿಯ ಮೇಲೆ, ರಾಜೀನಾಮೆಯು ಸ್ವಇಚ್ಛೆಯದೋ ನೈಜವಾದುದೋ ಎಂದು ಸಭಾಧ್ಯಕ್ಷರು ವಿಚಾರಿಸಿಯೇ ಅಂಗೀಕರಿಸಬೇಕಾಗಿದೆ. ಸಭಾಧ್ಯಕ್ಷ ಶ್ರೀ ಕೆ. ಆರ್. ರಮೇಶ್ ಕುಮಾರರು ವಿಚಾರಣೆಗೆ ಕಾಲಾವಕಾಶ ಬೇಕೆಂದರು. ಶಾಸಕರು ಸುಪ್ರೀಂ ಕೋರ್ಟಿಗೆ ಹೋದರು. 17ನೆಯ ತಾರೀಖಿನ ಮಧ್ಯಂತರ ಆಜ್ಞೆಯು ಎರಡು ಮಾತುಗಳನ್ನು ಹೇಳಿತು. ರಾಜೀನಾಮೆಗಳನ್ನು ಸಭಾಧ್ಯಕ್ಷರು ತಮಗೆ ಯುಕ್ತವೆಂದು ತೋರಿದ ಕಾಲದಲ್ಲಿ ತೀರ್ಮಾನಿಸಬಹುದು ಎಂಬುದು ಒಂದು. ಅರ್ಜಿದಾರರಾದ ಹದಿನೈದು ಸದಸ್ಯರನ್ನು ಸಭೆಯಲ್ಲಿ ಭಾಗವಹಿಸುವಂತೆ ಬಲಾತ್ಕರಿಸಕೂಡದು, ಬರುವುದೂ ಬಿಡುವುದೂ ಅವರ ಇಚ್ಛೆ ಎಂಬುದು ಇನ್ನೊಂದು. ಇವೆರಡನ್ನೂ ಒಟ್ಟಿಗೆ ಓದಿದರೆ ಯಾರನ್ನೂ ಯಾವುದಕ್ಕೂ ಕಟ್ಟಿಹಾಕದ ಆಜ್ಞೆಯಿದು. ರಾಜೀನಾಮೆಯು ಅಂಗೀಕೃತವಾಗದಿರುವಷ್ಟು ಕಾಲ ಅವರು ಸದಸ್ಯರೇ. ಸದಸ್ಯರಾದ ಮೇಲೆ ವಿಪ್ ಎಂದು ಕರೆಯಲ್ಪಡುವ ಪಕ್ಷಾದೇಶವೂ ಅವರಿಗೆ ಅನ್ವಯಿಸತಕ್ಕದ್ದೇ. ಹತ್ತನೆಯ ಅನುಸೂಚಿಯು ಪಕ್ಷಕ್ಕೆ ಕೊಟ್ಟ ಆ ಅಧಿಕಾರದ ಗತಿಯೇನೆಂದು ಕಾಂಗ್ರೆಸ್ ಶಾಸಕಾಂಗ ಪಕ್ಷದ ನಾಯಕ ಶ್ರೀ ಸಿದ್ಧರಾಮಯ್ಯನವರು 18ರಂದು ಕ್ರಿಯಾಲೋಪವನ್ನೆತ್ತಿದರು. ಅವರ ಪಕ್ಷವು ನಮಗೆ ಒಪ್ಪಿಗೆಯಾಗಲಿ ಬಿಡಲಿ, ಆ ಪ್ರಶ್ನೆಯು ಯುಕ್ತವಾದುದಾಗಿತ್ತು.

ಸರಕಾರದ ಪಕ್ಷವೇನು ಸುಮ್ಮನಿತ್ತೇ? 18ರಂದು ಮಂಡಿಸಿದ ವಿಶ್ವಾಸಮತದ ನಿರ್ಣಯವು ಮತಕ್ಕೆ ಬಂದದ್ದು 23ರ ಸಾಯಂಕಾಲ. ಭಾಷಣದ ಮೇಲೆ ಭಾಷಣ; ರಾಜ್ಯಪಾಲರು ಬರೆದ ಗಡುವಿನ ಪತ್ರಗಳಿಗೂ ಬೆಲೆ ಬರಲಿಲ್ಲ. ಕೊನೆಗೆ ಪರವಾಗಿ 99, ವಿರುದ್ಧವಾಗಿ 105. ಮತ ಹಾಕಿದವರು 204 ಮಂದಿ. ಅದಾದ ಮೇಲೆ ಸಭಾಧ್ಯಕ್ಷರು ಹದಿನೇಳು ಮಂದಿಯನ್ನು ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅನರ್ಹರೆಂದು ಸಾರಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದು, ಅವಧಿಯ ನಿರ್ಬಂಧವನ್ನು ಮಾತ್ರ ತೆಗೆದುಹಾಕಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಹದಿನೈದು ಸ್ಥಾನಗಳಲ್ಲಿ ಹನ್ನೆರಡನ್ನು ಭಾರತೀಯ ಜನತಾ ಪಕ್ಷವು ಗೆದ್ದಿತು; ಹೀಗೆ ಮರಳಿ ಬಂದವರಲ್ಲಿ ಹತ್ತು ಮಂದಿ 2020ರ ಫೆಬ್ರವರಿ 6ರಂದು ಮಂತ್ರಿಗಳಾದರು. ಅನರ್ಹತೆಯೆಂಬ ದಂಡನೆಯು ಪದವಿಯ ಮೆಟ್ಟಿಲಾಗಿ ಪರಿಣಮಿಸಿದ ಈ ಚೋದ್ಯಕ್ಕೆ ನ್ಯಾಯಾಲಯವನ್ನೊಂದನ್ನೇ ಹೊಣೆ ಮಾಡಲಾಗದು. ಮತದಾರರೂ ಅದರಲ್ಲಿ ಪಾಲುಗಾರರು.

2010ನ್ನೂ 2019ನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಮಗೆ ಕಾಣುವುದು ಒಂದೇ ದೋಷದ ಎರಡು ಮುಖಗಳು. ಹತ್ತನೆಯ ಅನುಸೂಚಿಯು ಪಕ್ಷಾದೇಶಕ್ಕೆ ವಿರುದ್ಧವಾಗಿ ಹಾಕಿದ ಮತವನ್ನು ಅಸಿಂಧುವೆಂದು ಎಲ್ಲಿಯೂ ಹೇಳುವುದಿಲ್ಲ. ಮತವು ಎಣಿಕೆಗೆ ಬರುತ್ತದೆ. ಹಾಕಿದವನು ತರುವಾಯ ಸ್ಥಾನವನ್ನು ಕಳೆದುಕೊಳ್ಳುತ್ತಾನೆ. ಅಂತಃಸಾಕ್ಷಿಯಿಂದ ಸರಕಾರವನ್ನು ಕೆಡವಬೇಕೆಂದಿರುವವನು ಸ್ಥಾನವನ್ನು ಪಣವಿಟ್ಟು ಕೆಡವಲಿ ಎಂಬುದೇ ಅದರ ಧರ್ಮ. ಮತವು ಮೊದಲು, ದಂಡನೆಯು ಆಮೇಲೆ. 2010ರಲ್ಲಿ ಸಭಾಧ್ಯಕ್ಷರು ಮತಕ್ಕೆ ಮುಂಚೆಯೇ ದಂಡನೆಯನ್ನು ವಿಧಿಸಿ ಮತವನ್ನೇ ಇಲ್ಲದಂತೆ ಮಾಡಿದರು. 2019ರಲ್ಲಿ ನ್ಯಾಯಾಲಯವು ಮತದ ಹೊತ್ತಿಗೆ ದಂಡನೆಯ ಭಯವನ್ನು ಸಡಿಲಿಸಿ, ಸಭೆಗೆ ಬಾರದಿರುವುದಕ್ಕೆ ಅಭಯವನ್ನು ಕೊಟ್ಟಿತು. ಸಭಾಗೃಹದ ಬಾಗಿಲು ತೆರೆದಿದೆಯೇ, ಹಕ್ಕುಳ್ಳವರೆಲ್ಲ ಒಳಗೆ ಹೋಗಬಲ್ಲರೇ, ಎಣಿಕೆಯು ಬಹಿರಂಗವಾಗಿ ನಡೆಯುವುದೇ ಎಂದು ನೋಡುವುದಕ್ಕೆ ನ್ಯಾಯಾಲಯವು ಬಾಗಿಲಿನವರೆಗೆ ಬರಲಿ. ಒಳಗೆ ಯಾವ ಕೈ ಮೇಲೇಳಬೇಕು, ಯಾವುದು ಏಳದಿರಬಹುದು ಎಂಬುದು ಅದರ ಗೊಡವೆಯಲ್ಲ. ರಾಜೀನಾಮೆಗಳನ್ನು ಎಣಿಕೆಗೆ ಮುಂಚೆ ತೀರ್ಮಾನಿಸಿರೆಂದು ಅಂದು ಸಭಾಧ್ಯಕ್ಷರಿಗೆ ಹೇಳಿದ್ದರೆ ನಾವು ಆಕ್ಷೇಪಿಸುತ್ತಿರಲಿಲ್ಲ.

ನ್ಯಾಯಾಲಯಕ್ಕೂ ಕೆಲವೊಮ್ಮೆ ತನ್ನ ಮೇರೆಯು ತಿಳಿದಿದೆ. ಮಹಾರಾಷ್ಟ್ರದ ಶ್ರೀ ಉದ್ಧವ ಠಾಕರೆಯವರು 2022ರ ಜೂನ್ 29ರಂದು ಬಲಪರೀಕ್ಷೆಯನ್ನು ಎದುರಿಸದೆ ರಾಜೀನಾಮೆಯಿತ್ತರು. ರಾಜ್ಯಪಾಲರು ಆ ಪರೀಕ್ಷೆಗೆ ಕರೆದದ್ದೇ ಸರಿಯಲ್ಲವೆಂದು 2023ರ ಮೇ 11ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ತಾನಾಗಿಯೇ ಎದ್ದು ಹೋದವರನ್ನು ತಾನು ಮರಳಿ ಕೂಡಿಸಲಾರೆನೆಂದೂ ಹೇಳಿತು. ಸಭೆಯ ಎಣಿಕೆಗೆ ಬದಲಾಗಿ ನ್ಯಾಯಾಲಯದ ಎಣಿಕೆಯಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾತು ಬೇಕಿಲ್ಲ.

ದೆಹಲಿಯ ಕಡೆ ನೋಡುವುದನ್ನು ಬಿಟ್ಟು ನಮ್ಮ ವಿಧಾನಸಭೆಯೇ ಮಾಡಬಹುದಾದ ಕೆಲಸವೊಂದಿದೆ. ರಾಜ್ಯಾಂಗದ 208ನೆಯ ವಿಧಿಯ ಪ್ರಕಾರ ತನ್ನ ಕಾರ್ಯವಿಧಾನದ ನಿಯಮಗಳನ್ನು ರಚಿಸಿಕೊಳ್ಳುವ ಅಧಿಕಾರವು ಸಭೆಗೇ ಇದೆ. ವಿಶ್ವಾಸದ ಅಥವಾ ಅವಿಶ್ವಾಸದ ನಿರ್ಣಯವು ಮಂಡಿತವಾದ ಮೇಲೆ ಎರಡು ದಿನಗಳ ಚರ್ಚೆಗಿಂತ ಹೆಚ್ಚಿಲ್ಲದೆ ಮತಕ್ಕೆ ಹೋಗತಕ್ಕದ್ದು. ಧ್ವನಿಮತವು ಸಾಲದು, ಹೆಸರು ಕರೆದು ಎಣಿಸತಕ್ಕದ್ದು. ಕೈಯಲ್ಲಿರುವ ರಾಜೀನಾಮೆಗಳನ್ನೆಲ್ಲ ಸಭಾಧ್ಯಕ್ಷರು ಎಣಿಕೆಗೆ ಮುಂಚೆ ತೀರ್ಮಾನಿಸತಕ್ಕದ್ದು. ನಿರ್ಣಯದ ಸೂಚನೆ ಬಂದಂದಿನಿಂದ ಎಣಿಕೆಯವರೆಗೆ ಪಕ್ಷಾಂತರದ ಕಾರಣಕ್ಕಾಗಿ ಯಾರ ಸದಸ್ಯತ್ವವನ್ನೂ ರದ್ದುಪಡಿಸತಕ್ಕದ್ದಲ್ಲ. ಎಣಿಕೆಯಾದ ಮೇಲೆ ಅಂತಹ ದೂರುಗಳನ್ನು ಮೂರು ತಿಂಗಳೊಳಗೆ ಇತ್ಯರ್ಥಪಡಿಸತಕ್ಕದ್ದು. ಮೂರು ತಿಂಗಳೆಂಬುದು ನಮ್ಮ ಕಲ್ಪನೆಯಲ್ಲ. ಮಣಿಪುರದ ಮೊಕದ್ದಮೆಯೊಂದರಲ್ಲಿ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹಾಕಿಕೊಟ್ಟ ಅಳತೆ. ಇದಕ್ಕೆ ಪಾರ್ಲಿಮೆಂಟಿನ ಅಪ್ಪಣೆಯಾಗಲಿ, ರಾಜ್ಯಾಂಗದ ತಿದ್ದುಪಡಿಯಾಗಲಿ ಬೇಕಿಲ್ಲ. ಆಡಳಿತ ಪಕ್ಷವು ಬಹುಮತದಲ್ಲಿ ನಿಶ್ಚಿಂತೆಯಾಗಿರುವ ಕಾಲದಲ್ಲಿ, ಯಾರ ಕುರ್ಚಿಯೂ ಅಲುಗಾಡದಿರುವಾಗಲೇ, ನಿಯಮಾವಳಿ ಸಮಿತಿಯು ಇದನ್ನು ಕೈಗೆತ್ತಿಕೊಳ್ಳಬೇಕು. ಪತ್ರಗಳ ಕಂತೆಯೊಂದು ರಾಜಭವನವನ್ನು ಸೇರಿದ ಮಾರನೆಯ ದಿನ ಇಂತಹ ನಿಯಮವನ್ನು ಬರೆಯಲು ಯಾವ ಪಕ್ಷವೂ ಒಪ್ಪಲಾರದು.